ಕೇಳಿಸಿಕೊಂಡದ್ದಲ್ಲ, ಕೇಳಿಸಿದ್ದು

ಅತ್ತೂರು, ಕಾರ್ಕಳ
23 ನವೆಂಬರ್ 2025, ಭಾನುವಾರ

ಪ್ರೀತಿಯ ಆಶ್ರಿತಾ,

ನಿನ್ನೆ ಸಂಜೆ ನೀನು ಫೋನಿನಲ್ಲಿ ರಿಪೋರ್ಟಿನ ಸುದ್ದಿ ಹೇಳಿದೆಯಲ್ಲ. ಎದೆಯಲ್ಲಿ ಗಂಟೊಂದು ಇತ್ತು, ಮಣಿಪಾಲದಲ್ಲಿ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಅದು ಕ್ಯಾನ್ಸರ್ ಅಲ್ಲವಂತೆ, ಆಗಾಗ ತೋರಿಸಿಕೊಂಡಿದ್ದರೆ ಸಾಕಂತೆ. ಇಷ್ಟನ್ನೂ ನೀನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಬೇರೆ ಯಾರಾದರೂ ಆಗಿದ್ದರೆ ಎಂತ ಗಂಟು, ಯಾವಾಗ ಆಯಿತು, ನನಗೆ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆಯುತ್ತಿದ್ದರು. ನಾನು ಒಂದನ್ನೂ ಕೇಳಲಿಲ್ಲ. ಅತ್ತುಬಿಟ್ಟೆ. ಅದೂ ಹೊಸ ಸುದ್ದಿಗೆ ಅಳುವ ಹಾಗಲ್ಲ, ಬಹಳ ಸಮಯ ತಡೆದು ಹಿಡಿದದ್ದನ್ನು ಬಿಟ್ಟ ಹಾಗೆ. ಆಗ ನೀನು ಮೆಲ್ಲ ಕೇಳಿದೆ, "ಲವೀನಾ, ನಿನಗೆ ಮೊದಲೇ ಗೊತ್ತಿತ್ತಾ?"

ಅಮ್ಮ ಪಕ್ಕದಲ್ಲೇ ಕೂತು ಬಸಳೆ ಸೋಸುತ್ತಿದ್ದರು. ಬರೆದು ಕಳಿಸುತ್ತೇನೆ ಎಂದು ಫೋನ್ ಇಟ್ಟೆ. ಅದಕ್ಕೇ ಇದು. ಮೇಲ್‌ನಲ್ಲಿ ಬಂದರೂ ಇದನ್ನು ಪತ್ರ ಅಂತಲೇ ಓದು. ದೋಹಾದಲ್ಲಿರುವ ಸುಕೇಶಣ್ಣನಿಗೂ ಕಳಿಸು. ಹೆಂಡತಿ ಸಂಬಳ ಇಲ್ಲದೆ ಹೊತ್ತುಕೊಂಡಿರುವ ಕೆಲಸ ಎಂತದ್ದು ಎಂದು ಅವರಿಗೂ ಒಮ್ಮೆ ತಿಳಿಯಲಿ. ಅವರಿಗೋಸ್ಕರ, ನಿನಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಬರೆಯುತ್ತೇನೆ. ನಗಬೇಡ.

ಹೌದು ಮಾರಾಯ್ತಿ, ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಿನ್ನ ಲ್ಯಾಪ್‌ಟಾಪೇ ಹೇಳಿತು.

ಈ ತಿಂಗಳ ಮೊದಲಿಗೆ ನಾನು ಎರಡು ದಿನ ಕಾಪುವಿಗೆ ಬಂದಿದ್ದೆನಲ್ಲ, ಆ ಭಾನುವಾರದ ಮಾತು. ಕಣ್ಣು ಕಾಣದ ನನ್ನಂಥವರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ನಮ್ಮ ಸಾಫ್ಟ್‌ವೇರ್ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ, ಇಬ್ಬರೂ ಕೂತು ಸರಿಮಾಡುವ ಎಂದು ನೀನೇ ಕರೆದಿದ್ದೆ. ಮಧ್ಯಾಹ್ನ ನಿನ್ನ ಅತ್ತೆ ಚಂಪಕ್ಕ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿ ಬಡಿಸಿದರು. ಮುಳ್ಳು ಬಿಡಿಸಿಕೊಡಲು ಬಂದ ನಿನ್ನನ್ನು ನಾನು ಬೈದು ಕಳಿಸಿದೆ. ಬಂಗುಡೆಯ ಮುಳ್ಳು ಬೆರಳಿಗೇ ಸಿಗುತ್ತದೆ, ಅದಕ್ಕೆ ಕಣ್ಣು ಬೇಡ. ಊಟವಾದ ಮೇಲೆ ಸ್ವಲ್ಪ ಮೇಲ್ ಬರೆಯಲಿಕ್ಕೆ ಉಂಟು ಎಂದು ನೀನು ಮಹಡಿಗೆ ಹೋದೆ. ನಾನು ಜಗಲಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತೆ. ಚಂಪಕ್ಕ ಕೊಟ್ಟ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದೆ. ನನ್ನ ಕೈ ಕೀಬೋರ್ಡಿನ ಹತ್ತಿರವೂ ಇರಲಿಲ್ಲ.

ಆಗ ಕಿವಿಯೊಳಗೆ ನಮ್ಮ ಸಾಫ್ಟ್‌ವೇರಿನ ಆ ಹೆಂಗಸಿನ ಧ್ವನಿ ತಾನಾಗಿ ಓದತೊಡಗಿತು. ಸಂತೋಷದ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಂದೇ ರಾಗದಲ್ಲಿ ಓದುವ ಧ್ವನಿ ಅದು. "ಗುರುವಾರ ಬೆಳಿಗ್ಗೆ ಮಣಿಪಾಲದಲ್ಲಿ ಬಯಾಪ್ಸಿ. ಎಡಗಡೆಯ ಗಂಟು ಮೊದಲಿಗಿಂತ ದೊಡ್ಡದಾಗಿದೆಯಂತೆ. ಅತ್ತೆಗೆ ಹೇಳಿಲ್ಲ. ಲವೀನಾ ಇಲ್ಲಿಯೇ ಇದ್ದಾಳೆ, ಅವಳಿಗೂ ಹೇಳುವುದಿಲ್ಲ, ಹೇಳಿದರೆ ಊಟ ಬಿಡುತ್ತಾಳೆ. ನಾನೊಬ್ಬಳೇ ಹೋಗಿ ಬರುತ್ತೇನೆ, ನೀವು ರಜೆ ಕೇಳಬೇಡಿ."

ಮೊದಲಿಗೆ ನನಗೆ ಬಂದ ಯಾವುದೋ ಮೇಲ್ ತಾನಾಗಿ ತೆರೆದುಕೊಂಡಿತು ಅಂದುಕೊಂಡೆ. ನನ್ನ ಹೆಸರು ಬಂದಾಗ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟೆ. ಮಹಡಿಯ ಮೇಲೆ ನಿನ್ನ ಕೀಬೋರ್ಡಿನ ಟಕಟಕ ನಿಂತಾಗ ಕಿವಿಯೊಳಗಿನ ಧ್ವನಿಯೂ ನಿಂತಿತು. ಮತ್ತೆ ಶುರುವಾದಾಗ ಅದೂ ಶುರುವಾಯಿತು. ಆಗ ಅರ್ಥವಾಯಿತು, ಅದು ನೀನು ಸುಕೇಶಣ್ಣನಿಗೆ ಬರೆಯುತ್ತಿದ್ದ ಮೇಲ್. ಇಯರ್‌ಫೋನ್ ಕಿತ್ತು ಲ್ಯಾಪ್‌ಟಾಪ್ ಬಂದ್ ಮಾಡಿದೆ. ಆಶ್ರಿತಾ, ನಾನು ಕೇಳಿಸಿಕೊಂಡದ್ದಲ್ಲ, ನನಗೆ ಕೇಳಿಸಿದ್ದು. ಎರಡರ ನಡುವೆ ವ್ಯತ್ಯಾಸ ಉಂಟು ಎಂದು ನಾನು ಇಷ್ಟು ದಿನ ನನಗೇ ಹೇಳಿಕೊಳ್ಳುತ್ತ ಬಂದಿದ್ದೇನೆ.

ಸ್ವಲ್ಪ ಹೊತ್ತಿಗೆ ನೀನು ಚಹಾ ಹಿಡಿದುಕೊಂಡು ಕೆಳಗೆ ಬಂದೆ. ಎಂತಕ್ಕೆ ಬಂದ್ ಮಾಡಿದಿ, ತಲೆನೋವಾ ಎಂದು ಕೇಳಿದೆ. ನಾನು ಹೌದು ಅಂದೆ. ಸಮುದ್ರದ ಗಾಳಿ ಸ್ವಲ್ಪ ಜೋರಾಗಿತ್ತು. ನೀನು ಚಂಪಕ್ಕನ ಮೊಣಕಾಲು ನೋವಿನ ಕತೆ ಹೇಳಿ ನಗಿಸಿದೆ, ನಾನು ನಕ್ಕೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿನ್ನ ಟೈಪಿಂಗ್ ನನ್ನ ಕಿವಿಗೆ ಬರುತ್ತದೆ ಎಂದು ಒಂದು ಮಾತು ಹೇಳಿದರೆ ಸಾಕು, ಏನು ಕೇಳಿಸಿತು ಎಂಬುದು ನಿನಗೆ ಆ ಕ್ಷಣವೇ ತಿಳಿಯುತ್ತಿತ್ತು. ನೀನು ಹೇಳಬಾರದು ಎಂದು ಗಟ್ಟಿ ಮಾಡಿಕೊಂಡದ್ದನ್ನು ನಿನ್ನ ಕೈಯಿಂದ ಕಸಿದುಕೊಂಡ ಹಾಗೆ ಆಗುತ್ತಿತ್ತು. ಸುಮ್ಮನೆ ಚಹಾ ಕುಡಿದೆ.

ಸಂಜೆ ಸ್ಕೂಟರಿನಲ್ಲಿ ಬಸ್ಸಿಗೆ ಬಿಡುವಾಗ ನಿನ್ನ ಹೆಗಲು ಹಿಡಿದು ಕೂತಿದ್ದೆ. ನಾನು ಯಾಕೆ ಅಷ್ಟು ಮೆಲ್ಲ ಹಿಡಿದಿದ್ದೆ ಎಂದು ನಿನಗೆ ಈಗ ಅರ್ಥವಾಗಬಹುದು.

ಮನೆಗೆ ಬಂದ ಮೇಲೆ ಎರಡು ಹೆದರಿಕೆಗಳು ಒಟ್ಟಿಗೇ ಇದ್ದವು. ದೊಡ್ಡದರ ಬಗ್ಗೆ ನನ್ನಿಂದ ಮಾಡುವಂಥದ್ದು ಏನೂ ಇರಲಿಲ್ಲ. ಹಾಗಾಗಿ ಚಿಕ್ಕದನ್ನು ಹಿಡಿದುಕೊಂಡೆ. ತಮ್ಮ ಜೋವಿನ್‌ನ ಹಳೆಯ ಲ್ಯಾಪ್‌ಟಾಪ್ ಕೇಳಿ ತೆಗೆದುಕೊಂಡು, ನೀನು ಹೇಳಿಕೊಟ್ಟ ಹಾಗೆಯೇ ಎಲ್ಲವನ್ನೂ ಅದರಲ್ಲಿ ಹಾಕಿದೆ. ಎರಡನ್ನೂ ಮನೆಯ ವೈಫೈಗೆ ಸೇರಿಸಿದೆ. ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ಮನಸ್ಸಿಗೆ ಬಂದದ್ದನ್ನು ಟೈಪ್ ಮಾಡು ಅಂದೆ. ನನ್ನ ಕೋಣೆಯ ಲ್ಯಾಪ್‌ಟಾಪ್ "ಅಕ್ಕನಿಗೆ ಹುಚ್ಚು ಹಿಡಿದಿದೆ, ಅಮ್ಮ ಇನ್ನೂ ಊಟಕ್ಕೆ ಕರೆದಿಲ್ಲ" ಎಂದು ಸ್ಪಷ್ಟವಾಗಿ ಓದಿತು. ಒತ್ತಕ್ಷರ ಕೂಡ ಸರಿಯಾಗಿತ್ತು.

ಇನ್ನು ಸುಕೇಶಣ್ಣನಿಗೆ. ಈ ಮಾತಾಡುವ ಸಾಫ್ಟ್‌ವೇರನ್ನು ಮೂಲದಲ್ಲಿ ಬರೆದವರು ಬೇರೆ, ಅದು ಓಡುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಬೇರೆ. ನನ್ನ ಹಳೆಯ ಯಂತ್ರ ಅದನ್ನು ತಾಳುವುದಿಲ್ಲ. ಇದಕ್ಕೆ ಒಗ್ಗುವುದು ಆಶ್ರಿತಾ ಕಾಲೇಜಿನ ಕಾಲದಿಂದ ಕೈಜೋಡಿಸಿರುವ ಆ ಪುಟ್ಟ ಸಿಸ್ಟಮ್, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಧರ್ಮಕ್ಕೆ ಸಿಗುವ ಸಿಸ್ಟಮ್. ಒಂದರಲ್ಲಿ ಓಡುವುದನ್ನು ಇನ್ನೊಂದರಲ್ಲಿ ಓಡುವ ಹಾಗೆ ಮಾಡುವುದಕ್ಕೆ ಪೋರ್ಟ್ ಮಾಡುವುದು ಅನ್ನುತ್ತಾರೆ. ಹಾಗೆಂದರೆ ಎಂತ ಎಂದು ನನ್ನ ಅಮ್ಮ ಸಿಸಿಲಿಯಾ ಒಮ್ಮೆ ಕೇಳಿದಾಗ, ಬೇರೆ ಮನೆಯ ಬಾಗಿಲು ತಂದು ನಮ್ಮ ಮನೆಯ ದಾರಂದಕ್ಕೆ ಕೂರಿಸುವ ಕೆಲಸ ಬಾಯಮ್ಮ, ಅಲ್ಲಲ್ಲಿ ಕೆತ್ತಬೇಕಾಗುತ್ತದೆ, ಅಲ್ಲಲ್ಲಿ ಪಟ್ಟಿ ಹೊಡೆಯಬೇಕಾಗುತ್ತದೆ ಎಂದು ನಿಮ್ಮ ಹೆಂಡತಿ ಹೇಳಿದ್ದಳು.

ತೂತು ಇದ್ದದ್ದು ಹಾಗೆ ಹೊಡೆದ ಒಂದು ಪಟ್ಟಿಯಲ್ಲಿ. ಈ ಸಾಫ್ಟ್‌ವೇರಿನಲ್ಲಿ ಓದುವವಳು ಒಬ್ಬಳು, ಮಾತಾಡುವವಳು ಇನ್ನೊಬ್ಬಳು ಎಂದು ತಿಳಿಯಿರಿ. ಓದುವವಳು ಹೆಸರು ಹಿಡಿದು ಕೂಗುತ್ತಾಳೆ, ಓ ಅಂದವಳ ಕೈಗೆ ಓದಿದ್ದನ್ನೆಲ್ಲ ಕೊಡುತ್ತಾಳೆ. ಮನೆಯೊಳಗೆ ಒಬ್ಬಳೇ ಇದ್ದರೆ ತೊಂದರೆ ಇಲ್ಲ. ಆದರೆ ಆಶ್ರಿತಾ ಹಾಕಿಕೊಟ್ಟ ಎಲ್ಲ ಯಂತ್ರಗಳಿಗೂ ಒಂದೇ ಹೆಸರು ಕೂತಿತ್ತು, ಬಾಗಿಲಿಗೆ ಚಿಲಕವೂ ಇರಲಿಲ್ಲ. ಒಂದೇ ವೈಫೈಯಲ್ಲಿ ಎರಡು ಯಂತ್ರ ಇದ್ದಾಗ ಇವಳು ಕೂಗಿದ್ದಕ್ಕೆ ಪಕ್ಕದ ಮನೆಯವಳು ಓ ಅನ್ನುತ್ತಿದ್ದಳು. ಕಾಪುವಿನಲ್ಲಿ ಆದದ್ದು ಅದೇ. ಆಶ್ರಿತಾಳಿಗೆ ಕಣ್ಣು ಕಾಣುತ್ತದೆ, ತನ್ನ ಯಂತ್ರ ಮಾತು ನಿಲ್ಲಿಸಿದ್ದು ಅವಳ ಗಮನಕ್ಕೇ ಬರಲಿಲ್ಲ.

ಮತ್ತೆ ನಿನಗೆ, ಆಶ್ರಿತಾ. ನೀನು ತಿದ್ದಿದ ಸಾಲನ್ನು ನಾನು ಹುಡುಕಿ ತೆಗೆದೆ. ಅದರ ಮೇಲೆ ನೀನೇ ಬರೆದಿಟ್ಟ ಟಿಪ್ಪಣಿ ಇತ್ತು, ಸದ್ಯಕ್ಕೆ ಹೀಗೆ, ಆಮೇಲೆ ಸರಿಮಾಡಬೇಕು ಎಂದು. ಅದರ ತಾರೀಕನ್ನು ಎರಡು ಸಲ ಓದಿಸಿ ಕೇಳಿದೆ. ನಾನು ಉಡುಪಿಯ ಸರ್ವೋತ್ತಮ ವಕೀಲರ ಹತ್ತಿರ ಕೆಲಸಕ್ಕೆ ಸೇರಿದ ವಾರ ಅದು. ಅವರು ಕಳಿಸುವ ರೆಕಾರ್ಡಿಂಗ್ ಕೇಳಿ ಕನ್ನಡದಲ್ಲಿ ಟೈಪ್ ಮಾಡಿಕೊಡಬೇಕಿತ್ತು. ಸೋಮವಾರಕ್ಕೆ ಧ್ವನಿ ಬಾರದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ನಿನ್ನ ಜೀವ ತಿಂದಿದ್ದೆ. ನೀನು ಶನಿವಾರ ಭಾನುವಾರ ಎರಡೂ ದಿನ ಕೂತು ಮಾಡಿಕೊಟ್ಟೆ. ಅದೇ ಅವಸರದ ಸಾಲು. ಹಾಗಾಗಿ ನಿನ್ನೆ ಫೋನಿನಲ್ಲಿ ಅದು ನನ್ನ ತಪ್ಪು, ನನ್ನ ತಪ್ಪು ಎಂದು ನೀನು ಹೇಳುತ್ತಿದ್ದಾಗ ನನಗೆ ಸಿಟ್ಟು ಬರುತ್ತಿತ್ತು.

ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು. ಗುರುವಾರ ಕಳೆಯಲಿ, ಬಯಾಪ್ಸಿ ಮುಗಿಯಲಿ, ಆಮೇಲೆ ನೋಡುವ ಎಂದು ಒಂದು ಮನಸ್ಸು. ಆದರೆ ನೀನು ಹೋದ ವರ್ಷ ಆ ಹುಡುಗಿಯರ ಹಾಸ್ಟೆಲಿಗೆ ಹೋಗಿ ಕಣ್ಣು ಕಾಣದ ಮಕ್ಕಳ ಯಂತ್ರಗಳಿಗೆಲ್ಲ ಇದನ್ನೇ ಹಾಕಿಕೊಟ್ಟಿದ್ದಿ. ಎಲ್ಲರಿಗೂ ಒಂದೇ ವೈಫೈ. ಒಬ್ಬಳ ಬ್ಯಾಂಕಿನ ಒಟಿಪಿ ಇನ್ನೊಬ್ಬಳ ಕಿವಿಗೆ ಹೋಗಬಹುದು, ಒಬ್ಬಳು ಮನೆಗೆ ಬರೆದ ಗುಟ್ಟು ಪಕ್ಕದ ಮಂಚಕ್ಕೆ ಕೇಳಿಸಬಹುದು. ಬೇಕೆಂದೇ ಕದ್ದು ಕೇಳುವವರಿಗಂತೂ ಬಾಗಿಲು ತೆರೆದೇ ಇತ್ತು. ನನಗೆ ಒಂದು ಮಧ್ಯಾಹ್ನ ಕೇಳಿಸಿದ್ದು ಏನು ಎಂದು ನನಗೆ ಗೊತ್ತಿತ್ತಲ್ಲ. ಅಂಥದ್ದು ಇನ್ನೊಬ್ಬರಿಗೆ ಆಗಬಾರದು.

ಸೋಮವಾರ ಹೊಸದೊಂದು ಮೇಲ್ ಖಾತೆ ತೆರೆದು, ಹೆಸರು ಹಾಕದೆ, ನಿಮ್ಮ ಸಿಸ್ಟಮಿನ ಸೆಕ್ಯೂರಿಟಿ ತಂಡಕ್ಕೆ ಬರೆದೆ. ಒಂದೇ ನೆಟ್‌ವರ್ಕಿನಲ್ಲಿದ್ದ ಇನ್ನೊಂದು ಯಂತ್ರದ ಬರಹ ನನ್ನ ಯಂತ್ರದಲ್ಲಿ ಕೇಳಿಸಿತು ಎಂದಷ್ಟೇ ಹೇಳಿದೆ. ಎಲ್ಲಿ, ಯಾರದ್ದು, ಏನು ಎಂದು ಬರೆಯಲಿಲ್ಲ. ಉದಾಹರಣೆಗೆ ಜೋವಿನ್‌ನ ಊಟದ ವಾಕ್ಯವನ್ನೇ ಕೊಟ್ಟೆ. ಕೊನೆಗೆ ಒಂದು ವಿನಂತಿ ಸೇರಿಸಿದೆ, ಈ ಪೋರ್ಟನ್ನು ನೋಡಿಕೊಳ್ಳುವವರಿಗೆ, ಎಂದರೆ ನಿನಗೆ, ಶುಕ್ರವಾರದ ನಂತರ ತಿಳಿಸಲು ಆಗುತ್ತದೆಯೇ, ವೈಯಕ್ತಿಕ ಕಾರಣ ಇದೆ ಎಂದು. ಅವರಿಂದ ಬಹಳ ಮರ್ಯಾದೆಯ ಉತ್ತರ ಬಂತು. ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸದೆ ಇರಲು ನಮಗೆ ಹಕ್ಕಿಲ್ಲ, ಆದರೆ ತಿದ್ದುಪಡಿಯನ್ನು ನಾವೇ ಬರೆಯುತ್ತೇವೆ, ಅವರು ಬಿಡುವಾದಾಗ ನೋಡಿ ಒಪ್ಪಿದರೆ ಸಾಕು ಅಂದರು. ತಿದ್ದಿದ ಆವೃತ್ತಿ ಮತ್ತು ಪ್ರಕಟಣೆ ಒಟ್ಟಿಗೆ ಹೊರಗೆ ಬರುವವರೆಗೆ ಯಾರೂ ಯಾರಿಗೂ ಬಾಯಿ ಬಿಡಬಾರದು, ಕಳ್ಳನಿಗೆ ಮೊದಲೇ ದಾರಿ ತೋರಿಸಿದಂತೆ ಆಗುತ್ತದೆ ಎಂದರು. ಸರಿಯಾದ ಮಾತೇ.

ಮರುದಿನ ನಿನ್ನ ಫೋನ್ ಬಂತು. ಅದನ್ನು ನೆನೆಸಿಕೊಂಡರೆ ನನಗೆ ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ. "ಲವೀನಾ, ನಿನ್ನ ಲ್ಯಾಪ್‌ಟಾಪನ್ನು ಸ್ವಲ್ಪ ದಿನ ಹೊರಗೆ ಎಲ್ಲಿಯೂ ವೈಫೈಗೆ ಹಾಕಬೇಡ, ಮನೆಯಲ್ಲಿ ಮಾತ್ರ. ಎಂತಕ್ಕೆ ಅಂತ ಕೇಳಬೇಡ, ನನಗೆ ಹೇಳಲಿಕ್ಕಾಗುವುದಿಲ್ಲ" ಅಂದೆ ನೀನು. ಅಷ್ಟನ್ನು ಹೇಳುವುದೂ ನಿಯಮದಲ್ಲಿಲ್ಲ ಎಂದು ನನಗೆ ಗೊತ್ತಿತ್ತು. ನನಗೋಸ್ಕರ ನೀನು ನಿಯಮ ಮುರಿದೆ. ನಾನೇ ಕಳಿಸಿದ ಸುದ್ದಿಯನ್ನು ನೀನು ನನ್ನಿಂದ ಮುಚ್ಚಿಡುತ್ತಿದ್ದಿ, ನಿನ್ನದೇ ಸುದ್ದಿಯನ್ನು ನಾನು ನಿನ್ನಿಂದ ಮುಚ್ಚಿಡುತ್ತಿದ್ದೆ. ನಿನ್ನ ಧ್ವನಿ ತುಂಬ ಬಳಲಿತ್ತು. ನಿದ್ದೆ ಮಾಡಿಲ್ಲವಾ ಎಂದು ಕೇಳಿದ್ದಕ್ಕೆ ಆಫೀಸಿನ ಕೆಲಸ ಅಂದೆ ನೀನು.

ಆಗ ನನಗೆ ಇದ್ದಕ್ಕಿದ್ದಂತೆ ಉಪಾಯ ಹೊಳೆಯಿತು. ಗುರುವಾರ ಮಣಿಪಾಲದ ಆಸ್ಪತ್ರೆಗೆ ಕಿವಿ ತೋರಿಸಲಿಕ್ಕೆ ಹೋಗಬೇಕು, ಜೋವಿನ್‌ಗೆ ರಜೆ ಸಿಗುವುದಿಲ್ಲ, ನೀನು ಬರುತ್ತೀಯಾ ಎಂದು ಕೇಳಿದೆ. ಗುರುವಾರವಾ ಎಂದು ನೀನು ಎರಡು ಸಲ ಕೇಳಿದೆ. ಆಮೇಲೆ ನೀನು, "ನನಗೂ ಅಲ್ಲಿ ಸ್ವಲ್ಪ ಕೆಲಸ ಉಂಟು, ಟೈಗರ್ ಸರ್ಕಲಿನಲ್ಲಿ ಇಳಿ, ನಾನು ನಿಂತಿರುತ್ತೇನೆ" ಅಂದೆ. ನನ್ನ ಕಿವಿಗೆ ಏನೂ ಆಗಿರಲಿಲ್ಲ. ನೀನು ಆ ಕಾರಿಡಾರಿನಲ್ಲಿ ಒಬ್ಬಳೇ ಕೂರಬಾರದು, ಅಷ್ಟೇ.

ಬುಧವಾರ ಇಗರ್ಜಿಗೆ ಹೋಗಿ ಮೊಂಬತ್ತಿ ಹಚ್ಚಿದೆ. ಯಾರಿಗೋಸ್ಕರ ಎಂದು ಅಮ್ಮ ಕೇಳಿದರು. ಒಬ್ಬಳು ಸ್ನೇಹಿತೆಗೆ ಅಂದೆ. ಅಮ್ಮ ಮತ್ತೆ ಕೇಳಲಿಲ್ಲ. ನನಗೆ ಇರುವ ಸ್ನೇಹಿತೆಯರು ಎಷ್ಟು ಮಂದಿ ಎಂದು ಅವರಿಗೆ ಗೊತ್ತಿಲ್ಲವಾ.

ಗುರುವಾರ ಹಿರಿಯಡ್ಕದ ದಾರಿಯಲ್ಲಿ ಬಸ್ಸು ತುಂಬ ನಿಧಾನವಾಗಿ ಹೋಯಿತು ಎಂದು ನನಗೆ ಅನಿಸಿತು. ಇಳಿದಾಗ ನೀನು ನಿಂತಿದ್ದಿ. ನಿಟ್ಟೆಯ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ, ನನ್ನ ಕಣ್ಣು ಮಂಜಾಗುತ್ತ ಬಂದ ಆ ವರ್ಷದಿಂದ, ನಾನು ಹಿಡಿಯುವುದು ನಿನ್ನ ಎಡಗೈಯ ಮೊಣಕೈಯನ್ನು. ಅವತ್ತು ನೀನು ಏನೂ ಹೇಳದೆ ನನ್ನನ್ನು ಸುತ್ತಿ ಬಂದು ಬಲಗೈ ಕೊಟ್ಟೆ. ನಾನೂ ಏನೂ ಹೇಳದೆ ಅದನ್ನು ಹಿಡಿದೆ. ನೀನು ಬೇಗ ಬೇಗ ನಡೆಯುತ್ತಿದ್ದಿ.

ನನ್ನನ್ನು ಕಿವಿಯ ವಿಭಾಗದ ಹೊರಗೆ ಕೂರಿಸಿ, ಸರದಿ ಬರುವಾಗ ಹೊತ್ತಾಗುತ್ತದೆ, ನಾನು ಒಂದು ಕಾಗದಕ್ಕೆ ಸಹಿ ಹಾಕಿಸಿ ಬರುತ್ತೇನೆ ಅಂದೆ. ನಿನ್ನ ಚೀಲವನ್ನು ನನ್ನ ಮಡಿಲಲ್ಲಿ ಇಟ್ಟೆ. ಹೋಗುವ ಮೊದಲು ನಿಂತುಕೊಂಡು, ಸುಮ್ಮನೆ ಎಂಬಂತೆ, "ನನ್ನ ಕೈಯಿಂದ ಒಂದು ದೊಡ್ಡ ತಪ್ಪಾಗಿದೆ ಲವೀನಾ, ಏನು ಅಂತ ಹೇಳಲಿಕ್ಕಾಗುವುದಿಲ್ಲ" ಅಂದೆ. ಅದು ಯಾವುದರ ಮಾತು ಎಂದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿಯೂ ನೀನು ಆ ಒಂದು ಸಾಲಿನ ಚಿಂತೆ ಮಾಡುತ್ತಿದ್ದಿಯಲ್ಲ. ಸರಿಮಾಡಲಿಕ್ಕೆ ಆಗುವಂಥದ್ದಾ ಎಂದು ನಾನು ಕೇಳಿದೆ. ಆಗುತ್ತದೆ, ಮಾಡುತ್ತಿದ್ದೇವೆ ಅಂದೆ ನೀನು. ಹಾಗಾದರೆ ಮತ್ತೆ ಎಂತ, ಹೋಗಿ ಬಾ ಅಂದೆ ನಾನು. ನಿನ್ನ ಚಪ್ಪಲಿಯ ಶಬ್ದ ಮೆಟ್ಟಿಲಿನವರೆಗೆ ಕೇಳಿಸಿತು. ಆಮೇಲೆ ಬೇರೆಯವರ ಶಬ್ದದಲ್ಲಿ ಸೇರಿಹೋಯಿತು.

ನೀನು ಬರುವವರೆಗೆ ನಾನು ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನಡುವೆ ಒಳಗೆ ಕರೆದರು. ಎಳೆಯ ಧ್ವನಿಯ ಡಾಕ್ಟರಮ್ಮ, ಮಲಯಾಳದವರು ಇರಬೇಕು, ಗಾಜಿನ ಕೋಣೆಯಲ್ಲಿ ಕೂರಿಸಿ ಬೀಪ್ ಬೀಪ್ ಕೇಳಿಸಿದರು. ನಿಮ್ಮ ಕಿವಿ ತುಂಬ ಚೆನ್ನಾಗಿದೆಯಲ್ಲ, ಏನು ತೊಂದರೆ ಎಂದು ಕೇಳಿದರು. ಕೆಲವೊಮ್ಮೆ ಕೇಳಬಾರದ್ದು ಕೇಳುತ್ತದೆ ಅಂದೆ. ಅವರು ನಕ್ಕರು. ಅದಕ್ಕೆ ನಮ್ಮಲ್ಲಿ ಔಷಧಿ ಇಲ್ಲ ಎಂದರು.

ನೀನು ಬಂದಾಗ ಸ್ಪಿರಿಟ್ಟಿನ ವಾಸನೆ ನಿನಗಿಂತ ಮೊದಲು ಬಂತು. ಸಹಿ ಆಯಿತಾ ಎಂದು ನಾನು ಕೇಳಿದೆ. ಆಯಿತು, ಸ್ವಲ್ಪ ಹೊತ್ತು ಹಿಡಿಯಿತು ಅಂದೆ ನೀನು. ಕ್ಯಾಂಟೀನಿನಲ್ಲಿ ಬನ್ಸ್ ತಿಂದೆವು. ನೀನು ಅರ್ಧ ತಿಂದು ಬಿಟ್ಟೆ, ಉಳಿದರ್ಧ ನಾನು ತಿಂದೆ, ನನ್ನದೂ ತಿಂದೆ. ಹಸಿವಾಗಿ ಅಲ್ಲ. ಲವೀನಾ ಊಟ ಬಿಡುತ್ತಾಳೆ ಎಂದು ನೀನು ಬರೆದಿದ್ದಿಯಲ್ಲ, ಬಿಡಲಿಲ್ಲ ಎಂದು ನಿನಗೆ ತೋರಿಸಬೇಕಿತ್ತು. ನನ್ನ ಎದುರು ಕೂತು ನೀನು ಮೊದಲ ಸಲ ಆ ದಿನ ನಕ್ಕೆ, ಎಷ್ಟು ತಿನ್ನುತ್ತಿ ಮಾರಾಯ್ತಿ ಎಂದು. ನನಗೆ ಅಷ್ಟು ಸಾಕಿತ್ತು.

ಆಮೇಲಿನ ದಿನಗಳು ನನಗೂ ಉದ್ದ, ನಿನಗಂತೂ ಹೇಳುವುದೇ ಬೇಡ. ನಾನು ದಿನಾ ಏನಾದರೂ ನೆಪ ಮಾಡಿ ಫೋನ್ ಮಾಡುತ್ತಿದ್ದೆ. ದೋಸೆ ಹಿಟ್ಟಿನ ಅಳತೆ ಕೇಳಿದ್ದು ನೆನಪುಂಟಾ? ನಾನು ಯಾವತ್ತಾದರೂ ದೋಸೆ ಹುಯ್ದದ್ದುಂಟಾ? ನಿನ್ನ ಹಲೋ ಹೇಗಿದೆ ಎಂದು ಕೇಳಲಿಕ್ಕೆ ಮಾಡುತ್ತಿದ್ದದ್ದು. ರಿಪೋರ್ಟ್ ಬಂದಿಲ್ಲ ಎಂದು ಆ ಹಲೋದಲ್ಲೇ ತಿಳಿಯುತ್ತಿತ್ತು.

ಮೊನ್ನೆ ಶುಕ್ರವಾರ ಪ್ರಕಟಣೆ ಬಂತು, ಹೊಸ ಆವೃತ್ತಿಯೂ ಬಂತು. ನಾನು ಮೊದಲು ಅದನ್ನು ಹಾಕಿಕೊಂಡೆ, ಆಮೇಲೆ ಜೋವಿನ್‌ನನ್ನು ಮತ್ತೆ ಅಡುಗೆಮನೆಯಲ್ಲಿ ಕೂರಿಸಿದೆ. ಅವನು ಏನು ಟೈಪ್ ಮಾಡಿದರೂ ನನ್ನ ಯಂತ್ರ ಸುಮ್ಮನಿತ್ತು. ಆ ಮೌನ ಎಷ್ಟು ಹಿತವಾಗಿತ್ತು ಎಂದರೆ ಇಯರ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ. ಪ್ರಕಟಣೆಯನ್ನು ಮತ್ತೆ ಮತ್ತೆ ಓದಿಸಿ ಕೇಳಿದೆ. ತಪ್ಪು ಎಲ್ಲಿತ್ತು, ಹೇಗೆ ಬಂತು ಎಂದು ನೀನು ಒಂದಿಷ್ಟೂ ಮುಚ್ಚದೆ ಬರೆದಿದ್ದಿ. ಅವಸರದಲ್ಲಿ ಮಾಡಿದ್ದು ಎಂದು ಬರೆದೆ, ಯಾರು ಅವಸರ ಮಾಡಿಸಿದರು ಎಂದು ಬರೆಯಲಿಲ್ಲ.

ನಿನ್ನೆ ಶನಿವಾರ ಬೆಳಿಗ್ಗೆ ನೀನು ಹಾಸ್ಟೆಲಿಗೆ ಹೋಗಿ ಎಲ್ಲ ಯಂತ್ರಗಳನ್ನೂ ಸರಿಮಾಡಿ, ಹುಡುಗಿಯರನ್ನು ಕೂರಿಸಿ ನಡೆದದ್ದನ್ನು ಹೇಳಿದೆ ಅಂದೆಯಲ್ಲ. ಒಬ್ಬಳಿಗೆ ಇನ್ನೊಬ್ಬಳ ಪರೀಕ್ಷೆಯ ಉತ್ತರ ಎರಡು ಸಲ ಕೇಳಿಸಿತ್ತಂತೆ, ಯಂತ್ರಕ್ಕೆ ಬುದ್ಧಿ ಬಂದಿದೆ ಅಂದುಕೊಂಡು ಸುಮ್ಮನಿದ್ದಳಂತೆ. ಹಣ ಹೋದವರು ಯಾರೂ ಇಲ್ಲ, ಗುಟ್ಟು ಹೋಗಿ ಅತ್ತವರೂ ಯಾರೂ ಇಲ್ಲ. ವಕೀಲರ ಕೆಲಸವನ್ನು ನಾನು ಮನೆಯಲ್ಲೇ ಮಾಡುವುದು, ಜೋವಿನ್‌ನದರಲ್ಲಿ ಹಾಕಿ ನೋಡುವವರೆಗೆ ಇಲ್ಲಿ ಇನ್ನೊಂದು ಅಂಥ ಯಂತ್ರ ಇರಲೇ ಇಲ್ಲ. ಆದರೂ ನಾನು ಸರ್ವೋತ್ತಮ ವಕೀಲರಿಗೆ ಆ ತೂತಿನ ವಿಷಯವನ್ನೆಲ್ಲ ಹೇಳಿದೆ. ಅವರು ಕೇಳಿ, ಸರಿಯಾಯಿತಲ್ಲ, ಸೋಮವಾರದ ಹೇಳಿಕೆ ಕಳಿಸುತ್ತೇನೆ ಎಂದರು. ಆ ಸಂಜೆಯೇ ನಿನ್ನ ರಿಪೋರ್ಟಿನ ಫೋನ್.

ಒಂದು ಮಾತು ಮಾತ್ರ ನಿನ್ನನ್ನು ಕಾಡಿಸಲು ಬರೆಯುತ್ತೇನೆ. ನೀನು ನಿನ್ನೆ, ದೂರು ಕಳಿಸಿದವರು ಯಾರೋ ಗೊತ್ತಿಲ್ಲ, ಬೈಗುಳ ಒಂದೂ ಇಲ್ಲದೆ ಎಷ್ಟು ಚಂದ ಬರೆದಿದ್ದಾರೆ, ನಮ್ಮ ಭಾಷೆಯವರೇ ಇರಬೇಕು, ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ ಅಂದೆ. ಬರುವ ಶುಕ್ರವಾರ ಕಾಪುವಿಗೆ ಬರುತ್ತೇನೆ. ಕಾಲಿಗೆ ಬೀಳುವುದು ಬೇಡ, ಪುಳಿಮುಂಚಿ ಸಾಕು.

ನಾನು ಕೇಳಿದ್ದು ನಿನಗೆ ಬೇಸರ ಎನಿಸಿದರೆ ಹೇಳು, ಸಿಟ್ಟು ಬಂದರೆ ಸಿಟ್ಟು ಮಾಡು. ನಿನ್ನ ಗುಟ್ಟನ್ನು ಅಮ್ಮನಿಗೂ ಹೇಳಲಿಲ್ಲ, ಪ್ರಾರ್ಥನೆಯಲ್ಲೂ ಹೆಸರು ತೆಗೆಯಲಿಲ್ಲ. ಆದರೆ ಇನ್ನೊಮ್ಮೆ ಇಂಥ ಗುರುವಾರ ಬಂದರೆ ನೀನೇ ಫೋನ್ ಮಾಡಿ ಹೇಳು. ಯಂತ್ರದ ಬಾಯಿಯಿಂದ ಕೇಳುವುದು ಬಹಳ ಕಷ್ಟ ಆಶ್ರಿತಾ. ಅದಕ್ಕೆ ಎಲ್ಲಿ ಮೆಲ್ಲ ಹೇಳಬೇಕು ಎಂದು ಗೊತ್ತಿಲ್ಲ.

ಚಂಪಕ್ಕನಿಗೆ ನೀನು ಹೇಳಿದಿಯಾ? ಇಲ್ಲದಿದ್ದರೆ ಇವತ್ತೇ ಹೇಳು. ಒಳ್ಳೆಯ ಸುದ್ದಿ ತಾನೇ.

ನಿನ್ನ
ಲವೀನಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲಿಕ್ಕೆ ಕೈ ಬರಲಿಲ್ಲ. ಆ ಭಾನುವಾರ ಇಯರ್‌ಫೋನ್ ಕೀಳುವ ಮೊದಲು ಇನ್ನೊಂದು ವಾಕ್ಯವೂ ಬಂದಿತ್ತು. "ನನಗೇನಾದರೂ ಆದರೆ ಈ ಪೋರ್ಟನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ, ಲವೀನಾಳ ಯಂತ್ರ ಮೂಕವಾಗುತ್ತದೆ, ಅದೊಂದೇ ಚಿಂತೆ." ನಿನ್ನ ಜೀವದ ಬಗ್ಗೆ ಒಂದು ವಾಕ್ಯ ಬರೆದು, ನನ್ನ ಯಂತ್ರದ ಬಗ್ಗೆ ಒಂದು ವಾಕ್ಯ ಬರೆದೆ. ಕಾಲೇಜಿನಲ್ಲಿ ಕಲಿತು ನಾನು ಬಿಟ್ಟುಬಿಟ್ಟಿದ್ದ ಪ್ರೋಗ್ರಾಮಿಂಗನ್ನು ಅವತ್ತಿನಿಂದ ಮತ್ತೆ ಹಿಡಿದಿದ್ದೇನೆ. ಇಂದು ಬೆಳಿಗ್ಗೆ ಇಗರ್ಜಿಯ ಪೂಜೆಯಿಂದ ಬಂದು ನಿಮ್ಮ ತಂಡಕ್ಕೆ ನನ್ನ ನಿಜವಾದ ಹೆಸರಿನಲ್ಲಿ ಬರೆದೆ, ಈ ಪೋರ್ಟನ್ನು ನೋಡಿಕೊಳ್ಳುವವರ ಜಾಗದಲ್ಲಿ ಆಶ್ರಿತಾಳ ಹೆಸರಿನ ಕೆಳಗೆ ನನ್ನದನ್ನೂ ಸೇರಿಸಿ ಎಂದು. ನಿನ್ನ ಒಪ್ಪಿಗೆ ಬೇಕಂತೆ. ನಿನಗೆ ಮೇಲ್ ಬಂದಿರಬಹುದು, ನೋಡಿ ಹೂಂ ಅನ್ನು.